ಹಡಗು ಹತ್ತುವ ಮೊದಲು ವೀಸಾ ಪತ್ರ ತೆಗೆಯಿರಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಹಡಗಿನ ಬಗ್ಗೆಯೇ ಇವೆ. ಬೇಸಿಗೆ ರಜೆ ಹತ್ತಿರ ಬಂತು, ಊರಿಂದ ಅಪ್ಪ ಅಮ್ಮ ಬರುತ್ತಾರೆ, ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನುವ ತಲೆಬಿಸಿ ಎಲ್ಲರಿಗೂ. ನಾನು ಸಿಡ್ನಿಯ ಪಶ್ಚಿಮದ ಕಡೆ ಒಂದು ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲಿ 11 ವರ್ಷ ಕೂತವಳು. ಹುಟ್ಟಿದ್ದು ಕುಮಟಾದಲ್ಲಿ. ಸಮುದ್ರ ನೋಡುತ್ತಲೇ ಬೆಳೆದರೂ ಮೊದಲ ಸಲ ಹಡಗು ಹತ್ತಿದ ರಾತ್ರಿ ಬಾತ್‌ರೂಮಿನಿಂದ ಹೊರಗೆ ಬರಲಿಲ್ಲ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಕೌಂಟರಿನ ಬುದ್ಧಿ ಸ್ವಲ್ಪ, ಪೆಟ್ಟು ತಿಂದು ಬಂದ ಬುದ್ಧಿ ಸ್ವಲ್ಪ.

*ಅಕ್ಕಾ, ಅಪ್ಪ ಅಮ್ಮ ದಾವಣಗೆರೆಯಿಂದ ಬರುತ್ತಿದ್ದಾರೆ. ವಿಸಿಟರ್ ವೀಸಾ ಆಗಿದೆ. ಸಿಡ್ನಿಯಿಂದ ವನುವಾಟುಗೆ ಹೋಗಿ ಬರುವ 8 ರಾತ್ರಿಯ ಕ್ರೂಸ್ ಒಳ್ಳೆ ರೇಟಿಗೆ ಸಿಗ್ತಾ ಇದೆ. ಆಫರ್ ಇನ್ನು ಮೂರೇ ದಿನ. ಬುಕ್ ಮಾಡಿಬಿಡಲಾ?*
— ಬ್ಲ್ಯಾಕ್‌ಟೌನ್‌ನ ಓದುಗ

ಸ್ವಲ್ಪ ತಡೆಯಪ್ಪ. ಆ ಆಫರ್ ಹೋದರೆ ಇನ್ನೊಂದು ಬರುತ್ತದೆ, ಅದು ಬಟ್ಟೆ ಅಂಗಡಿಯ ಆಷಾಢದ ಸೇಲ್ ಇದ್ದ ಹಾಗೆ. ಮೊದಲು ಅಪ್ಪನ ವೀಸಾ ಪತ್ರ ತೆಗೆದು ನೋಡು. ಇಮೇಲಿನಲ್ಲಿ ಬಂದಿರುತ್ತದಲ್ಲ, ಸಬ್‌ಕ್ಲಾಸ್ 600 ಅಂತ ಬರೆದಿರುವುದು, ಅದೇ. ಅದರಲ್ಲಿ ಎಷ್ಟು ಸಲ ಒಳಗೆ ಬರಬಹುದು ಅನ್ನುವ ಒಂದು ಸಾಲು ಇರುತ್ತದೆ. ಅಲ್ಲಿ ‘ಮಲ್ಟಿಪಲ್’ ಅಂತ ಇರಬೇಕು. ‘ಸಿಂಗಲ್’ ಅಂತ ಇದ್ದರೆ ಆಫರನ್ನು ಅಲ್ಲೇ ಬಿಟ್ಟುಬಿಡು.

ಯಾಕೆ ಅಂದರೆ, ಹಡಗು ಸಿಡ್ನಿಯಿಂದ ಹೊರಟು ಸಿಡ್ನಿಗೇ ಬಂದರೂ ನಡುವೆ ಬೇರೆ ದೇಶವಾದ ವನುವಾಟುವಿನಲ್ಲಿ ಇಳಿದರೆ ಆಸ್ಟ್ರೇಲಿಯಾ ಬಿಟ್ಟು ಹೋದ ಲೆಕ್ಕ. ವಾಪಸ್ ಬರುವುದು ಹೊಸ ಎಂಟ್ರಿ. ಒಂದೇ ಎಂಟ್ರಿಯ ವೀಸಾ ವಿಮಾನ ಇಳಿದ ದಿನವೇ ಖರ್ಚಾಗಿರುತ್ತದೆ. ನಮ್ಮವರು ‘ರೌಂಡ್ ಟ್ರಿಪ್ ತಾನೇ, ಮನೆಗೇ ಬರ್ತೀವಲ್ಲ’ ಅಂತ ಅಂದುಕೊಳ್ಳುತ್ತಾರೆ. ಒಂದು ಸಲ ನಾನೂ ಹಾಗೇ ಅಂದುಕೊಂಡು ಒಬ್ಬ ಹಿರಿಯ ದಂಪತಿಗೆ ಟಿಕೆಟ್ ಮಾಡಿಕೊಟ್ಟೆ. ಹೊರಡುವುದಕ್ಕೆ 9 ದಿನ ಇದ್ದಾಗ ಮಗಳು ಫೋನ್ ಮಾಡಿದಳು. ಅಷ್ಟು ಹತ್ತಿರ ಬಂದ ಮೇಲೆ ಕ್ಯಾನ್ಸಲ್ ಮಾಡಿದರೆ ಹಡಗಿನವರು ದುಡ್ಡು ವಾಪಸ್ ಕೊಡುವುದಿಲ್ಲ. ಅವರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ, ಅದೇ ಜಾಸ್ತಿ ಕಷ್ಟ ಆಯಿತು. ಅವತ್ತಿಂದ ಕೌಂಟರಿಗೆ ಯಾರು ಬಂದರೂ ಮೊದಲು ವೀಸಾ, ಆಮೇಲೆ ರೇಟು.

ಅಪ್ಪನದು ಮಲ್ಟಿಪಲ್ ಇದೆ ಅಂತಲೇ ಇಟ್ಟುಕೊಳ್ಳೋಣ. ಹಡಗು ವಾಪಸ್ ಬರುವ ದಿನಕ್ಕೂ ವೀಸಾ ಜೀವಂತ ಇರಬೇಕು. ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳಾದರೂ ಅವಧಿ ಇರಲಿ. ಆಮೇಲೆ ಹೋಗುವ ದೇಶದ ವೀಸಾ. ವನುವಾಟು, ಫಿಜಿ ಎರಡಕ್ಕೂ ಭಾರತದ ಪಾಸ್‌ಪೋರ್ಟ್ ಇರುವವರು ಸಣ್ಣ ಪ್ರವಾಸಕ್ಕೆ ಮೊದಲೇ ವೀಸಾ ಮಾಡಿಸಬೇಕಾಗಿಲ್ಲ. ಆದರೆ ಇದೇ ಹಡಗುಗಳು ಅನೇಕ ಸಲ ದಾರಿಯಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲೂ ನಿಲ್ಲುತ್ತವೆ. ಅದು ಫ್ರಾನ್ಸಿಗೆ ಸೇರಿದ ಜಾಗ, ಅಲ್ಲಿಯ ಕಾನೂನೇ ಬೇರೆ. ನಿನ್ನ ಹಡಗಿನ ಪಟ್ಟಿಯಲ್ಲಿ ನೌಮಿಯಾ, ಲಿಫೂ, ಐಲ್ ಆಫ್ ಪೈನ್ಸ್ ಯಾವುದಾದರೂ ಇದ್ದರೆ ದುಡ್ಡು ಕಟ್ಟುವ ಮೊದಲೇ ಹಡಗಿನ ಕಂಪನಿಗೆ ಇಮೇಲ್ ಹಾಕಿ, ‘ಭಾರತದ ಪಾಸ್‌ಪೋರ್ಟ್, ಇಂಥ ವೀಸಾ, ಇಂಥ ಹಡಗು’ ಅಂತ ಬರೆದು, ಬರಹದಲ್ಲೇ ಉತ್ತರ ತರಿಸಿಕೊ. ಫೋನಿನಲ್ಲಿ ಯಾರೋ ‘ನೋ ಪ್ರಾಬ್ಲಂ’ ಅಂದದ್ದು ಟರ್ಮಿನಲ್ಲಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

*ನ್ಯೂಜಿಲೆಂಡ್ ಕ್ರೂಸಿಗೆ ಅತ್ತೆ ಮಾವನಿಗೆ ವೀಸಾ ಬೇಕೇ ಬೇಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.*
— ವೆಂಟ್‌ವರ್ತ್‌ವಿಲ್‌ನ ಸೊಸೆ

ಇಬ್ಬರು ಹೇಳಿದ್ದೂ ಸರಿ ಇರಬಹುದು. ಹಡಗಿನಲ್ಲೇ ಹೋಗಿ ಹಡಗಿನಲ್ಲೇ ವಾಪಸ್ ಬರುವುದಾದರೆ ಭಾರತದ ಪಾಸ್‌ಪೋರ್ಟಿಗೂ ಎನ್‌ಝಡ್‌ಇಟಿಎ, ಅಂದರೆ ನ್ಯೂಜಿಲೆಂಡಿನ ಆನ್‌ಲೈನ್ ಪ್ರಯಾಣ ಅನುಮತಿ, ಸಾಕು. ಮೊಬೈಲ್ ಆ್ಯಪಿನಲ್ಲೇ ಅರ್ಜಿ ಹಾಕಬಹುದು, 72 ಗಂಟೆ ತನಕ ಹಿಡಿಯಬಹುದು. ಅದರ ಜೊತೆ ಪ್ರವಾಸಿ ತೆರಿಗೆ 100 ನ್ಯೂಜಿಲೆಂಡ್ ಡಾಲರ್, ತಲೆಗೆ. ಮೊದಲು 35 ಇತ್ತು, 2024ರ ಅಕ್ಟೋಬರಿನಿಂದ ಏರಿಸಿದರು. ಆದರೆ ಸಿಡ್ನಿಯಿಂದ ಹಡಗಿನಲ್ಲಿ ಹೋಗಿ ಆಕ್ಲೆಂಡಿನಿಂದ ವಿಮಾನದಲ್ಲಿ ಬರುತ್ತೇವೆ ಅಂದರೆ ಈ ಸೌಲಭ್ಯ ಇಲ್ಲ, ಸರಿಯಾದ ವಿಸಿಟರ್ ವೀಸಾನೇ ಬೇಕು. ಗೊಂದಲ ಹುಟ್ಟುವುದೇ ಇಲ್ಲಿ.

ನಿಮಗೆ ಪರ್ಮನೆಂಟ್ ರೆಸಿಡೆನ್ಸಿ ಇದ್ದು ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಇದ್ದರೆ ನಿಮಗೂ ಎನ್‌ಝಡ್‌ಇಟಿಎ ಬೇಕು, ಆ 100 ಡಾಲರ್ ಮಾತ್ರ ಬೇಡ. ಅತ್ತೆ ಮಾವನ ಕಾಗದವನ್ನೆಲ್ಲ ಸರಿ ಮಾಡಿ ತನ್ನದನ್ನೇ ಮರೆತ ಸೊಸೆಯಂದಿರನ್ನು ನೋಡಿದ್ದೇನೆ.

*ನಾನು ಬ್ರಿಡ್ಜಿಂಗ್ ವೀಸಾ ‘ಎ’ಯಲ್ಲಿ ಇದ್ದೇನೆ. ಫ್ರೆಂಡ್ಸ್ ಎಲ್ಲ ಸೇರಿ ಫಿಜಿಗೆ ಹೊರಟಿದ್ದಾರೆ.*
— ಮೆಲ್ಬರ್ನಿನ ಹುಡುಗ

ಫ್ರೆಂಡ್ಸ್ ಹೋಗಲಿ, ನೀನು ಹೋಗಬೇಡ. ಬ್ರಿಡ್ಜಿಂಗ್ ವೀಸಾ ಅಂದರೆ ಇನ್ನೊಂದು ವೀಸಾದ ತೀರ್ಮಾನ ಬರುವ ತನಕ ಇಲ್ಲಿ ಇರಲಿಕ್ಕೆ ಕೊಡುವ ತಾತ್ಕಾಲಿಕ ವೀಸಾ. ‘ಎ’ ಆದರೆ ದೇಶ ಬಿಟ್ಟ ಕೂಡಲೇ ಸತ್ತುಹೋಗುತ್ತದೆ, ಹಡಗಾದರೂ ಅಷ್ಟೇ, ವಿಮಾನವಾದರೂ ಅಷ್ಟೇ. ಹೋಗಲೇಬೇಕು ಅಂದರೆ ಮೊದಲು ಬ್ರಿಡ್ಜಿಂಗ್ ವೀಸಾ ‘ಬಿ’ಗೆ ಅರ್ಜಿ ಹಾಕಿ, ಅದು ಕೈಗೆ ಬಂದ ಮೇಲೆ ಹೊರಡು.

*2016ರಲ್ಲಿ ಮಗನ ಜೊತೆ ಪಿ ಅಂಡ್ ಓ ಹಡಗಿನಲ್ಲಿ ಹೋಗಿದ್ದೆವು. ಈ ಸಲ ಬಂದಾಗ ಆ ಹೆಸರೇ ಕಾಣಿಸುತ್ತಿಲ್ಲ. ಕಂಪನಿ ಮುಳುಗಿತಾ?*
— ಮೈಸೂರಿನ ನಿವೃತ್ತ ಮೇಷ್ಟ್ರು

ಮುಳುಗಲಿಲ್ಲ ಮೇಷ್ಟ್ರೇ, ಹೆಸರು ಅಳಿಸಿದರು. ಆ ಹೆಸರು ನಿಮ್ಮ ತಲೆಮಾರಿನವರಿಗೆ ಬೇರೆ ರೀತಿಯಲ್ಲೂ ಗೊತ್ತಿರುತ್ತದೆ. ಬಾಂಬೆಯಿಂದ ಲಂಡನ್ನಿಗೆ ಟಪಾಲು, ಜನ ಎಲ್ಲ ಒಯ್ಯುತ್ತಿದ್ದ ಕಂಪನಿ ಅದೇ. 1931ರಲ್ಲಿ ಗಾಂಧೀಜಿ ದುಂಡು ಮೇಜಿನ ಸಭೆಗೆ ಹೋದ ‘ರಾಜಪುತಾನಾ’ ಹಡಗು ಪಿ ಅಂಡ್ ಓದವರದ್ದು. ಅದರ ಮರುವರ್ಷವೇ, 1932ರ ಡಿಸೆಂಬರಿನಲ್ಲಿ, ‘ಸ್ಟ್ರಾತ್‌ಏರ್ಡ್’ ಅನ್ನುವ ಹಡಗನ್ನು ಸಿಡ್ನಿಯಿಂದ ಸುಮ್ಮನೆ ತಿರುಗಾಡಿಕೊಂಡು ಬರಲಿಕ್ಕೆ ಬಿಟ್ಟರು. ಇಲ್ಲಿಯ ಕ್ರೂಸ್ ಹುಚ್ಚು ಅಲ್ಲಿಂದ ಶುರು.

ಆಸ್ಟ್ರೇಲಿಯಾದ ಆ ಬ್ರ್ಯಾಂಡನ್ನು 2025ರ ಮಾರ್ಚಿನಲ್ಲಿ ಕಾರ್ನಿವಲ್ ಅನ್ನುವ ಇನ್ನೊಂದು ಕ್ರೂಸ್ ಕಂಪನಿಯ ಒಳಗೆ ಸೇರಿಸಿಬಿಟ್ಟರು. ಎರಡಕ್ಕೂ ಯಜಮಾನ ಒಬ್ಬನೇ ಆಗಿದ್ದ. ಪೆಸಿಫಿಕ್ ಅಡ್ವೆಂಚರ್ ಹೋಗಿ ಕಾರ್ನಿವಲ್ ಅಡ್ವೆಂಚರ್ ಆಯಿತು, ಪೆಸಿಫಿಕ್ ಎನ್‌ಕೌಂಟರ್ ಹೋಗಿ ಕಾರ್ನಿವಲ್ ಎನ್‌ಕೌಂಟರ್ ಆಯಿತು. ಮೂರನೆಯದು ಪೆಸಿಫಿಕ್ ಎಕ್ಸ್‌ಪ್ಲೋರರ್. ಅದಕ್ಕೆ ಹೊಸ ಹೆಸರೂ ಸಿಗಲಿಲ್ಲ, ಕಂಪನಿಯಿಂದಲೇ ಹೊರಗೆ ಹೋಯಿತು. ನನಗೆ ಬೇಜಾರಾಗಿದ್ದು ಅದರ ಬಗ್ಗೆ. ಕೊರೊನಾ ಕಾಲ ನೆನಪಿದೆಯಲ್ಲ. 2020ರ ಮಾರ್ಚಿನಲ್ಲಿ ರೂಬಿ ಪ್ರಿನ್ಸೆಸ್ ಹಡಗಿನಿಂದ ಸುಮಾರು 2,700 ಜನ ಸಿಡ್ನಿಯಲ್ಲಿ ಇಳಿದು ಊರೂರಿಗೆ ಹೋದರು, ಸೋಂಕೂ ಜೊತೆಗೆ ಹೋಯಿತು. ಆಮೇಲೆ ಎರಡು ವರ್ಷ ಕ್ರೂಸಿಗೆ ಬಾಗಿಲು ಬಂದ್. 2022ರ ಏಪ್ರಿಲ್ 18ರಂದು ಸಿಡ್ನಿ ಬಂದರಿನೊಳಗೆ ಮೊದಲು ಬಂದದ್ದು ಇದೇ ಎಕ್ಸ್‌ಪ್ಲೋರರ್. ನಾನೂ ಮಗಳೂ ಸರ್ಕ್ಯುಲರ್ ಕೀಗೆ ಹೋಗಿ ನಿಂತಿದ್ದೆವು. ಸುತ್ತ ಪುಟ್ಟ ದೋಣಿಗಳು ನೀರು ಚಿಮ್ಮಿಸುತ್ತಿದ್ದವು. ಎರಡು ವರ್ಷ ಸಂಬಳ ಅರ್ಧಕ್ಕೆ ಇಳಿದಿದ್ದ ನನಗೆ ಆ ಹಾರ್ನ್ ಕೇಳಿ ಕಣ್ಣಲ್ಲಿ ನೀರು.

ಹಡಗುಗಳು ಕಮ್ಮಿ ಆಗುತ್ತಿರುವುದು ನಿಜ. ಕುನಾರ್ಡ್‌ನವರ ಕ್ವೀನ್ ಎಲಿಜಬೆತ್ ಇಲ್ಲಿ ಸೀಸನ್ ಪೂರ್ತಿ ನಿಂತು ಓಡಾಡಿದ್ದು 2024-25ಕ್ಕೆ ಕೊನೆ. ವರ್ಜಿನ್‌ನವರು ಒಂದೇ ಸೀಸನ್ ಬಂದು, ಎರಡನೆಯದನ್ನು ಟಿಕೆಟ್ ಮಾರಿದ ಮೇಲೆ ರದ್ದು ಮಾಡಿದರು. ಮೆಲ್ಬರ್ನಿನಲ್ಲಿ ಬಂದರಿನ ಶುಲ್ಕ ಏರಿಸಿದ್ದಕ್ಕೆ ಪ್ರಿನ್ಸೆಸ್‌ನವರು ಅಲ್ಲಿ ಹಡಗು ಇಡುವುದಿಲ್ಲ ಅಂದರು. ಇಲ್ಲಿ ಬಂದರಿನ ಖರ್ಚು ಜಾಸ್ತಿ, ದೂರ ಜಾಸ್ತಿ, ಎಣ್ಣೆ ಜಾಸ್ತಿ. ಅದೇ ಹಡಗನ್ನು ಮಯಾಮಿಯಲ್ಲಿ ಓಡಿಸಿದರೆ ಅವರಿಗೆ ಲಾಭ. ಹಾಗಾಗಿ ‘ಮುಂದಿನ ವರ್ಷ ನೋಡೋಣ’ ಅಂತ ನಿರ್ದಿಷ್ಟ ಹಡಗಿಗೆ ಕಾಯುವವರಿಗೆ ನಾನು ಕಾಯಿರಿ ಅನ್ನುವುದಿಲ್ಲ.

*ಬ್ರಿಸ್ಬೇನಿನಿಂದ ಹೋಗುವುದು ಒಳ್ಳೆಯದಾ, ಸಿಡ್ನಿಯಿಂದಲಾ? ನಾವಿರುವುದು ಅಡಿಲೇಡ್, ಹೇಗೂ ವಿಮಾನ ಹತ್ತಲೇಬೇಕು.*
— ಅಡಿಲೇಡಿನ ಗೃಹಿಣಿ

ಬಿಸಿ ದ್ವೀಪಗಳಿಗೆ ಹೋಗುವುದಾದರೆ ಬ್ರಿಸ್ಬೇನ್. ಸಮುದ್ರದಲ್ಲಿ ಖಾಲಿ ಕಳೆಯುವ ಸಮಯ ಕಮ್ಮಿ, ಟರ್ಮಿನಲ್ ವಿಮಾನ ನಿಲ್ದಾಣಕ್ಕೆ ಹತ್ತಿರ. ಆದರೆ ಅಲ್ಲಿಗೆ ರೈಲೂ ಇಲ್ಲ, ಬಸ್ಸೂ ಇಲ್ಲ, ಟ್ಯಾಕ್ಸಿಯೇ ಗತಿ. ಇನ್ನೊಂದು ಮಾತು: 2022ರ ಜೂನಿನಿಂದ ದೊಡ್ಡ ಹಡಗುಗಳೆಲ್ಲ ಲಗೇಜ್ ಪಾಯಿಂಟ್ ಅನ್ನುವ ಜಾಗದ ಹೊಸ ಟರ್ಮಿನಲ್ಲಿನಿಂದ ಹೊರಡುತ್ತವೆ. ಹಳೆಯದು ಊರೊಳಗೆ ಹ್ಯಾಮಿಲ್ಟನ್‌ನ ಪೋರ್ಟ್‌ಸೈಡ್. ಹಳೆಯ ನೆನಪಿನಲ್ಲಿ ಅಲ್ಲಿಗೆ ಹೋಗಿ ನಿಲ್ಲಬೇಡಿ.

ಸಿಡ್ನಿಯ ಸುಖವೇ ಬೇರೆ. ಏರ್‌ಪೋರ್ಟಿನಿಂದ ನೇರ ರೈಲು, ಸರ್ಕ್ಯುಲರ್ ಕೀ ಸ್ಟೇಷನ್ ಇಳಿದರೆ ಎದುರಿಗೇ ಹಡಗು. ಸಂಜೆ ಹೊರಡುವಾಗ ಒಂದು ಕಡೆ ಆಪೆರಾ ಹೌಸ್, ಇನ್ನೊಂದು ಕಡೆ ಸೇತುವೆ. ಆದರೆ ಟಿಕೆಟಿನಲ್ಲಿ ‘ಸಿಡ್ನಿ’ ಅಂತ ಮಾತ್ರ ಓದಿ ಬಿಡಬೇಡಿ. ಅಲ್ಲಿ ಟರ್ಮಿನಲ್ ಎರಡು. ಸರ್ಕ್ಯುಲರ್ ಕೀಯದ್ದು ಓವರ್‌ಸೀಸ್ ಪ್ಯಾಸೆಂಜರ್ ಟರ್ಮಿನಲ್. ಇನ್ನೊಂದು ಸೇತುವೆ ದಾಟಿ ಆಚೆ, ರೋಝೆಲ್‌ನ ವೈಟ್ ಬೇ. ಸೇತುವೆಯ ಕೆಳಗೆ 49 ಮೀಟರ್ ಮಾತ್ರ ಜಾಗ. ಎತ್ತರದ ಹಡಗು ಅದರಡಿ ನುಗ್ಗುವುದಿಲ್ಲ, ಸಣ್ಣವು ಮಾತ್ರ ಆಚೆ ಹೋಗುತ್ತವೆ. ವೈಟ್ ಬೇಗೂ ರೈಲಿಲ್ಲ. ದೊಡ್ಡ ಪೆಟ್ಟಿಗೆ ಎಳೆದುಕೊಂಡು ತಪ್ಪು ಟರ್ಮಿನಲ್ಲಿನಲ್ಲಿ ನಿಂತು ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ.

ಒಂದು ದಿನ ಮೊದಲೇ ಬಂದು ಉಳಿಯಿರಿ. ಅವತ್ತೇ ಬೆಳಿಗ್ಗೆಯ ವಿಮಾನ ನಂಬಿಕೊಂಡು ಬಂದರೆ, ವಿಮಾನ ತಡವಾದದ್ದು ಹಡಗಿಗೆ ಸಂಬಂಧ ಇಲ್ಲ. ಅದು ಹೋಗಿಯೇ ಹೋಗುತ್ತದೆ.

*ಅಮ್ಮನಿಗೆ 68, ಸಕ್ಕರೆ ಕಾಯಿಲೆ, ಒಂದು ಸ್ಟೆಂಟ್. ಹಡಗಿನಲ್ಲಿ ಡಾಕ್ಟರ್ ಇರ್ತಾರಂತೆ. ನನಗೆ ಮೆಡಿಕೇರ್ ಇದೆ, ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಇದೆ. ಬೇರೆ ಬೇಕಾ?*
— ಪರ್ತ್‌ನ ಓದುಗಿ

ಬೇಕು. ನಿಮಗೂ ಬೇಕು, ಅಮ್ಮನಿಗೂ ಬೇಕು. ಮೆಡಿಕೇರ್, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ವಿಮೆ, ಹಡಗಿನಲ್ಲಿ ನಡೆಯುವುದಿಲ್ಲ. ಹಡಗು ಆಸ್ಟ್ರೇಲಿಯಾದ ದಡ ಕಾಣುವಷ್ಟು ಹತ್ತಿರ ಇದ್ದರೂ, ಸಿಡ್ನಿಯಿಂದ ಟ್ಯಾಸ್ಮೇನಿಯಾಕ್ಕೆ ಹೋಗಿ ಬಂದರೂ ಅಷ್ಟೇ. ಹಡಗಿನ ಡಾಕ್ಟರ್ ಖಾಸಗಿ ಡಾಕ್ಟರ್ ಇದ್ದ ಹಾಗೆ, ನೋಡಿದ್ದಕ್ಕೆ, ಡ್ರಿಪ್ ಹಾಕಿದ್ದಕ್ಕೆ, ಇಸಿಜಿ ತೆಗೆದದ್ದಕ್ಕೆ ಎಲ್ಲ ಬಿಲ್ ನಿಮ್ಮ ಕ್ಯಾಬಿನ್ ಲೆಕ್ಕಕ್ಕೆ ಬೀಳುತ್ತದೆ. ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಬೇಕಾದರಂತೂ ಹೇಳುವುದೇ ಬೇಡ. ಅಮ್ಮನ ವಿಸಿಟರ್ ಇನ್ಶೂರೆನ್ಸ್ ಆಸ್ಟ್ರೇಲಿಯಾದ ಆಸ್ಪತ್ರೆಗಳಿಗೆ ಮಾಡಿಸಿದ್ದು, ಸಮುದ್ರಕ್ಕಲ್ಲ.

ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳಿ, ಅದರಲ್ಲಿ ‘ಕ್ರೂಸ್’ ಅಂತ ಬೇರೆಯಾಗಿ ಸೇರಿಸಿದೆಯಾ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಅದಕ್ಕೆ ಬೇರೆ ಟಿಕ್ ಹಾಕಬೇಕು. ಸ್ಟೆಂಟ್, ಸಕ್ಕರೆ ಎರಡನ್ನೂ ಮುಚ್ಚಿಡದೆ ಹೇಳಿ. ಪ್ರೀಮಿಯಂ ಜಾಸ್ತಿ ಆಗುತ್ತದೆ ಅಂತ ನಮ್ಮವರು ಇಲ್ಲೇ ಜಿಪುಣತನ ತೋರಿಸುವುದು. ಆಮೇಲೆ ಎದೆನೋವು ಬಂದಾಗ ಕಂಪನಿಯವರು ಹಳೆಯ ರಿಪೋರ್ಟ್ ಕೇಳುತ್ತಾರೆ. ಮನೆಯಲ್ಲಿ ಇನ್ಶೂರೆನ್ಸ್ ಮಾತು ಬಂದರೆ ‘ಅಪಶಕುನ ಮಾತಾಡಬೇಡ’ ಅನ್ನುವ ಅತ್ತೆ ಇದ್ದರೆ, ಅವರಿಗೆ ಹೇಳದೆ ಮಾಡಿಸಿ.

*ಹಡಗಿನಲ್ಲಿ ನಮ್ಮ ಊಟ ಸಿಗುತ್ತಾ? ಅಪ್ಪಾಜಿ ಮೊಟ್ಟೆಯನ್ನೂ ಮುಟ್ಟಲ್ಲ. ಸ್ವಲ್ಪ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಬಹುದಾ?*
— ಸಿಡ್ನಿಯ ಓದುಗಿ, ಊರು ಹುಬ್ಬಳ್ಳಿ

ಇದನ್ನು ಕೇಳುತ್ತೀರಿ ಅಂತ ಗೊತ್ತಿತ್ತು.

2023ರಲ್ಲಿ ಅಮ್ಮ ಕುಮಟಾದಿಂದ ಬಂದಾಗ ನಾಲ್ಕು ರಾತ್ರಿಯ ಕ್ರೂಸಿಗೆ ಕರೆದುಕೊಂಡು ಹೋದೆ. ಟರ್ಮಿನಲ್ ಬಾಗಿಲಲ್ಲೇ ದೊಡ್ಡ ಪೆಟ್ಟಿಗೆಗಳನ್ನು ತಗೊಳ್ಳುತ್ತಾರೆ, ಆಮೇಲೆ ಅವು ಕ್ಯಾಬಿನ್ ಬಾಗಿಲಿಗೆ ಬರುತ್ತವೆ. ನನ್ನ ಪೆಟ್ಟಿಗೆ ನಾಲ್ಕಕ್ಕೆ ಬಂತು. ಅಮ್ಮನದು ಆರಾದರೂ ಇಲ್ಲ, ಎಂಟಾದರೂ ಇಲ್ಲ. ಅಷ್ಟರಲ್ಲಿ ಅಮ್ಮ ಮೆಲ್ಲಗೆ ಹೇಳಿದರು, ಬಿಪಿ ಮಾತ್ರೆ ಅದರಲ್ಲೇ ಇದೆ ಅಂತ. ಹನ್ನೊಂದು ವರ್ಷ ಊರಿನವರಿಗೆಲ್ಲ ‘ಮಾತ್ರೆ ಕೈಚೀಲದಲ್ಲಿ ಇಟ್ಟುಕೊಳ್ಳಿ’ ಅಂತ ಹೇಳಿದವಳು ನಾನು. ನನ್ನ ಅಮ್ಮನಿಗೇ ಹೇಳಿರಲಿಲ್ಲ.

ಒಂಬತ್ತೂವರೆಗೆ ಕೆಳಗಿನ ಡೆಕ್ಕಿನ ಒಂದು ಕೋಣೆಗೆ ಕರೆದರು. ಸ್ಕ್ಯಾನಿನಲ್ಲಿ ಸಿಕ್ಕಿಬಿದ್ದ ಪೆಟ್ಟಿಗೆಗಳನ್ನೆಲ್ಲ ಅಲ್ಲಿ ಸಾಲಾಗಿ ನಿಲ್ಲಿಸಿದ್ದರು. ನಮ್ಮ ಮುಂದೆ ನಿಂತವರದ್ದು ಇಸ್ತ್ರಿಪೆಟ್ಟಿಗೆ, ಹಿಂದಿನವರದ್ದು ರೈಸ್ ಕುಕ್ಕರ್. ಅಮ್ಮನದು ತೆರೆದರೆ ನೀರು ಕಾಯಿಸುವ ಕೆಟಲ್, ಹಾರ್ಲಿಕ್ಸ್ ಬಾಟಲಿಯಲ್ಲಿ ಉದ್ದಿನ ಚಟ್ನಿಪುಡಿ, ಸ್ಟೀಲ್ ಡಬ್ಬಿಯಲ್ಲಿ ರವೆ ಉಂಡೆ. ಸೆಕ್ಯುರಿಟಿ ಹುಡುಗ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. ಆಮೇಲೆ ಅಮ್ಮನ ಮುಖ ನೋಡಿ, ‘ಅಮ್ಮಾ, ಮನೆಯಲ್ಲಿ ಮಾಡಿದ್ದು ಬಿಡ್ಲಿಕ್ಕೆ ಆಗುದಿಲ್ಲ’ ಅಂದ. ಮಂಗಳೂರಿನವನು! ಅಮ್ಮ ಮಾತ್ರೆ ತಗೊಂಡು, ಅವನ ಅಪ್ಪ ಅಮ್ಮ ಎಲ್ಲಿದ್ದಾರೆ, ಮದುವೆ ಆಗಿದೆಯಾ ಅಂತೆಲ್ಲ ವಿಚಾರಿಸಿದ ಮೇಲೆಯೇ ಅಲ್ಲಿಂದ ಹೊರಟದ್ದು. ಕೆಟಲ್ ಮಾತ್ರ ಕೊನೆಯ ದಿನ ವಾಪಸ್ ಸಿಕ್ಕಿತು.

ಅಂದರೆ ಉತ್ತರ: ಮನೆಯಲ್ಲಿ ಮಾಡಿದ್ದು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ ಆದರೆ ಬಿಡುತ್ತಾರೆ. ಬಿಸಿಯಾಗುವ ಯಾವ ಸಾಮಾನೂ ಬೇಡ. ಬೆಂಕಿಯ ಭಯ ಹಡಗಿನವರಿಗೆ ಮನೆಯವರಿಗಿಂತ ನೂರು ಪಾಲು ಜಾಸ್ತಿ.

ಊಟಕ್ಕೆ ಅಪ್ಪಾಜಿ ಉಪವಾಸ ಬೀಳುವುದಿಲ್ಲ. ಬುಕ್ ಮಾಡುವಾಗಲೇ ‘ಸಸ್ಯಾಹಾರಿ, ಮೊಟ್ಟೆ ಬೇಡ’ ಅಂತ ಬರೆಸಿ. ಮೊದಲ ರಾತ್ರಿ ದೊಡ್ಡ ಡೈನಿಂಗ್ ಹಾಲಿಗೆ ಹೋಗಿ ಅಲ್ಲಿಯ ಮೇಲ್ವಿಚಾರಕರಿಗೆ ಬಾಯಲ್ಲೂ ಹೇಳಿ. ಅಡಿಗೆಮನೆಯಲ್ಲಿ ಗೋವಾದವರು, ಕೇರಳದವರು ಇದ್ದೇ ಇರುತ್ತಾರೆ. ಹಿಂದಿನ ದಿನ ಹೇಳಿದರೆ ಮಾರನೇ ದಿನ ದಾಲ್, ಅನ್ನ, ಒಂದು ಪಲ್ಯ ಮಾಡಿಕೊಡುತ್ತಾರೆ. ಸಾರಿನ ರುಚಿ ಹುಡುಕಬೇಡಿ. ಮೊಸರು ಬೆಳಗಿನ ಬಫೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಅನ್ನ ಮೊಸರು ಇದ್ದರೆ ಅಪ್ಪಾಜಿ ಬದುಕುತ್ತಾರೆ ತಾನೇ?

ವಾಪಸ್ ಇಳಿಯುವಾಗ ಮಾತ್ರ ಹುಷಾರು. ದಾರಿಗೆ ಇರಲಿ ಅಂತ ಬಫೆಯ ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡರೆ ಟರ್ಮಿನಲ್ಲಿನಲ್ಲಿ ದಂಡ ಬೀಳಬಹುದು. ದ್ವೀಪದಲ್ಲಿ ಕೊಂಡ ಗರಿಯ ಬುಟ್ಟಿ, ಚಿಪ್ಪಿನ ಸರ, ಮರದ ಗೊಂಬೆ ಎಲ್ಲವನ್ನೂ ದೇಶದೊಳಗೆ ಬರುವಾಗ ತುಂಬುವ ಕಾರ್ಡಿನಲ್ಲಿ ಬರೆದು ತೋರಿಸಿ. ತೋರಿಸಿದರೆ ಬಿಟ್ಟುಬಿಡುತ್ತಾರೆ ಅಥವಾ ಇಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ಮಾತ್ರ ರಗಳೆ.

*ಹೆಂಡತಿಗೆ ಈಗ ನಾಲ್ಕು ತಿಂಗಳು. ಎರಡು ತಿಂಗಳು ಬಿಟ್ಟು ಹೋಗುವ ಪ್ಲಾನ್.*
— ಕ್ಯಾನ್‌ಬೆರಾದ ಓದುಗ

ಬೇಡ. 24 ವಾರ ಆದ ಮೇಲೆ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ, ವಾಪಸ್ ಬರುವ ದಿನದ ಲೆಕ್ಕ ಹಿಡಿಯುತ್ತಾರೆ. ಶುಭವಾಗಲಿ, ಮಗು ಬಂದ ಮೇಲೆ ಮೂವರೂ ಹೋಗಿ.

*ವಾಂತಿಗೆ ಏನು ಮಾಡಬೇಕು?*
— ಗೀಲಾಂಗ್‌ನ ಓದುಗಿ

ಹಡಗಿನ ನಡುಮಧ್ಯೆ, ಕೆಳಗಿನ ಡೆಕ್ಕಿನ ಕ್ಯಾಬಿನ್ ತಗೊಳ್ಳಿ. ತೊಟ್ಟಿಲಿನ ತುದಿ ತೂಗುವಷ್ಟು ನಡು ತೂಗುವುದಿಲ್ಲ. ಮಾತ್ರೆಯನ್ನು ಹೊಟ್ಟೆ ತೊಳೆಸುವ ಮೊದಲೇ ನುಂಗಬೇಕು. ಹಿರಿಯರಿಗೆ ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದರೆ ಜಿಪಿಯನ್ನು, ಅಂದರೆ ಮನೆ ಡಾಕ್ಟರನ್ನು, ಕೇಳಿ ಕೊಡಿ, ಕೆಲವು ಮಾತ್ರೆ ಅವರಿಗೆ ಆಗುವುದಿಲ್ಲ. ಟ್ಯಾಸ್ಮೇನಿಯಾದ ದಾರಿಯ ಬಾಸ್ ಜಲಸಂಧಿ, ನ್ಯೂಜಿಲೆಂಡ್ ದಾರಿಯ ಟಾಸ್ಮನ್ ಸಮುದ್ರ ಎರಡೂ ಒರಟು. ಮೊದಲ ಸಲ ಹೋಗುವವರಿಗೆ ನಾನು ಇವೆರಡನ್ನೂ ಹೇಳುವುದಿಲ್ಲ.

*ಎಂಟು ರಾತ್ರಿಯ ಕ್ರೂಸಿನಲ್ಲಿ ನಾಲ್ಕು ದಿನ ಬರೀ ನೀರು, ಮೂರು ದಿನ ದ್ವೀಪ. ಇಷ್ಟು ದುಡ್ಡು ಕೊಟ್ಟು ನೋಡುವಂಥದ್ದು ಏನಿದೆ ಅಲ್ಲಿ?*
— ಪ್ಯಾರಾಮಟ್ಟಾದ ಓದುಗ

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಅದೂ ಎಲ್ಲ ಸರಿ ಹೋದರೆ ಮೂರು ದ್ವೀಪ. ನವೆಂಬರಿನಿಂದ ಏಪ್ರಿಲ್ ತನಕ ಅಲ್ಲಿ ಚಂಡಮಾರುತದ ಕಾಲ. ಗಾಳಿ ಜೋರಾದರೆ ಕ್ಯಾಪ್ಟನ್ ದ್ವೀಪ ಬಿಟ್ಟು ಮುಂದೆ ಹೋಗುತ್ತಾನೆ. 2024ರಲ್ಲಿ ಮೇ ತಿಂಗಳ ಗಲಭೆಯಿಂದ ನೌಮಿಯಾ ತಪ್ಪಿತು, ಡಿಸೆಂಬರಿನ ಭೂಕಂಪದಿಂದ ವನುವಾಟುವಿನ ಪೋರ್ಟ್ ವಿಲಾ ತಪ್ಪಿತು. ಅಂಥದ್ದಕ್ಕೆ ಟಿಕೆಟ್ ದುಡ್ಡು ವಾಪಸ್ ಬರುವುದಿಲ್ಲ, ಬಂದರೆ ಆ ಬಂದರಿನ ಶುಲ್ಕ ಮಾತ್ರ. ದ್ವೀಪಕ್ಕೋಸ್ಕರ ಹೋಗುವವರು ವಿಮಾನದಲ್ಲಿ ಹೋಗುವುದೇ ವಾಸಿ.

ಆದರೂ ಮಿಸ್ಟರಿ ಐಲೆಂಡ್ ಒಂದನ್ನು ಹೇಳುತ್ತೇನೆ. ವನುವಾಟುವಿನ ಅನಾಟಮ್ ದ್ವೀಪದ ಪಕ್ಕದ ಪುಟ್ಟ ದ್ವೀಪ, ಅಲ್ಲಿ ಯಾರೂ ವಾಸ ಇಲ್ಲ. ನಡುವೆ ಹುಲ್ಲು ಬೆಳೆದ ವಿಮಾನದ ಪಟ್ಟಿ, ಎರಡನೇ ಮಹಾಯುದ್ಧದ ಕಾಲದ್ದು. ಹಡಗು ಬರುವ ದಿನ ಮಾತ್ರ ಅನಾಟಮ್‌ನ ಜನ ದೋಣಿಯಲ್ಲಿ ಬಂದು ಅಂಗಡಿ ಹಾಕುತ್ತಾರೆ, ಸಂಜೆ ಎಲ್ಲ ಕಟ್ಟಿಕೊಂಡು ಹೋಗುತ್ತಾರೆ. ಆಸ್ಟ್ರೇಲಿಯಾದ ಡಾಲರೇ ನಡೆಯುತ್ತದೆ, ಚಿಲ್ಲರೆ ಇಟ್ಟುಕೊಳ್ಳಿ. ಹಡಗು ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಗೆ ಇಳಿದು ಹೋಗಬೇಕು. ಮಂಡಿನೋವಿನ ಹಿರಿಯರಿಗೆ ಆ ಇಳಿಯುವ ಜಾಗ ಕಷ್ಟ, ಅಲೆಯ ಜೊತೆ ಮೆಟ್ಟಿಲು ಮೇಲೆ ಕೆಳಗೆ ಆಡುತ್ತದೆ. ಆಚೆ ವರ್ಷ ಅತ್ತಿಗೆಯ ಜೊತೆ ಹೋಗಿದ್ದೆ. ಸೊಂಟದ ತನಕ ನೀರಲ್ಲಿ ನಿಂತರೆ ಕಾಲಬೆರಳಿನ ನಡುವೆ ಮೀನು ಓಡುವುದು ಕಾಣುತ್ತಿತ್ತು. ಎಳನೀರು ಕೊಟ್ಟ ಹೆಂಗಸು ಕತ್ತಿಯಲ್ಲಿ ಮೂರೇ ಏಟಿಗೆ ಕಾಯಿ ಕೆತ್ತಿದ ರೀತಿ ನಮ್ಮೂರಿನದೇ. ಅತ್ತಿಗೆ ಎಳನೀರು ಕುಡಿದು ಮುಗಿಸಿ, ಒಡೆದು ಕೊಡು ಅಂತ ಕೈಸನ್ನೆ ಮಾಡಿ, ಒಳಗಿನ ಗಂಜಿಯನ್ನು ಸಿಪ್ಪೆಯ ಚಮಚದಲ್ಲೇ ಕೆರೆದು ತಿಂದರು. ಪಕ್ಕದಲ್ಲಿ ಸ್ಟ್ರಾ ಹಿಡಿದು ನಿಂತಿದ್ದ ನಾಲ್ಕು ಜನ ಅವರನ್ನು ನೋಡಿ, ತಮ್ಮ ಕಾಯಿಗಳನ್ನೂ ಆ ಹೆಂಗಸಿನ ಮುಂದೆ ಚಾಚಿದರು.